ಮೈಕಿನಲ್ಲಿ ಅಮ್ಮನ ಸಾರು

ಆ ಭಾನುವಾರ ಹಾಲು ಕಾಯಿಸಿದೆ. ಉದ್ದಿನಬೇಳೆ ನೆನೆಹಾಕಿದೆ. ನೀರಿನ ಲಾರಿಯವನಿಗೆ ಸಂಪು ತೋರಿಸಿದೆ. ಒಣಗಿದ ಬಟ್ಟೆ ಮಡಿಸಿದೆ, ಒಣಗದಿದ್ದದ್ದನ್ನೂ ಮಡಿಸಿದೆ (ವೇಲಚೇರಿಯಲ್ಲಿ ಮೋಡ ಕಂಡರೆ ಕೈ ತಾನಾಗಿ ಓಡುತ್ತದೆ). ಯಜಮಾನರ ಕನ್ನಡಕ ಹುಡುಕಿಕೊಟ್ಟೆ. ಅದು ಫ್ರಿಜ್ಜಿನ ಮೇಲಿತ್ತು, ಏಕೆ ಎಂದು ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಒಬ್ಬ ತಾಯಿಯ ಕಣ್ಣಿಗೆ ವಿಲನ್ ಆದೆ.

ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಹಾಲ್‌ನಲ್ಲಿ ನಾನು ಭಾನುವಾರ ಸಂಜೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಟ್ರೈನಿಂಗ್ ಆದ ಟೀಚರ್ ಅಲ್ಲ. ಕನ್ನಡ ಬರುತ್ತದೆ, ತಾಳ್ಮೆ ಇದೆ, ಹಾಲ್‌ನ ಬೀಗದ ಕೈ ನನ್ನ ಹತ್ತಿರವೇ ಇದೆ. ಇನ್ನೇನು ಬೇಕು?

ಕೀಲ್ಪಾಕ್‌ನಲ್ಲಿ ಈ ತಮಿಳು ಊರಿನ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡುವುದಿತ್ತು. ಈ ಸಲ ಮಕ್ಕಳಿಂದ ಡ್ಯಾನ್ಸ್ ಬೇಡ, ‘ನನಗೆ ಆದದ್ದು’ ಎಂದು ತಮ್ಮದೇ ಒಂದು ಅನುಭವ ಬರೆದು ಓದಲಿ ಎಂದು ನಾನೇ ಬಾಯಿ ಹಾಕಿದೆ. ಬಾಯಿ ಹಾಕಿದವರಿಗೇ ಕೆಲಸ ಬಂತು.

ಮಕ್ಕಳು ಬರೆದರು. ‘ಮೈಸೂರಿಗೆ ಹೋದೆವು. ಅರಮನೆ ನೋಡಿದೆವು. ತುಂಬಾ ಖುಷಿಯಾಯಿತು.’ ಇನ್ನೊಂದು, ‘ಝೂಗೆ ಹೋದೆವು. ಹುಲಿ ಮಲಗಿತ್ತು. ತುಂಬಾ ಖುಷಿಯಾಯಿತು.’ ಮತ್ತೊಂದು, ‘ತಾತನ ತಿಥಿಗೆ ಹೋದೆವು. ವಡೆ, ಪಾಯಸ ತಿಂದೆವು. ತುಂಬಾ ಖುಷಿಯಾಯಿತು.’ (ಮಗು ಸುಳ್ಳು ಹೇಳಿಲ್ಲ. ತಿಥಿಯ ವಡೆಯ ರುಚಿ ನಿಮಗೂ ಗೊತ್ತು.)

ಎಲ್ಲಿಂದ ಕಲಿತರು ಇದನ್ನು? ನಮ್ಮಿಂದಲೇ ತಾನೆ? ದಾರಿಯುದ್ದಕ್ಕೂ ಕಾರಿನಲ್ಲಿ ಜಗಳ ಆಡಿಕೊಂಡು ಹೋಗಿ, ಇಳಿದ ತಕ್ಷಣ ನಗುವ ಫೋಟೋ ಸ್ಟೇಟಸ್‌ಗೆ ಹಾಕುವವರು ಯಾರು?

‘ತುಂಬಾ ಖುಷಿಯಾಯಿತು’ ಎನ್ನುವುದನ್ನು ಬ್ಯಾನ್ ಮಾಡಿದೆ. ಪೆನ್ಸಿಲುಗಳೆಲ್ಲ ಕೆಳಗಿಳಿದವು.

“ಒಣ್ಣುಮೇ ನಡಕ್ಕಲ ಆಂಟಿ” ಎಂದ ಒಬ್ಬ. ನಮಗೆ ಏನೂ ಆಗಿಯೇ ಇಲ್ಲ ಎಂದು ತಮಿಳಿನಲ್ಲಿ ಅವನ ಕಂಪ್ಲೇಂಟು.

“ಸರಿ, ಬರೀಬೇಡಿ. ಪಕ್ಕದವರಿಗೆ ಹೇಳಿ. ಕೇಳೋರು ಸುಮ್ನೆ ಕೂತ್ಕೋಬಾರ್ದು. ಆಮೇಲೆ? ಯಾರು ಏನಂದ್ರು? ನೀನೇನ್ ನೋಡ್ದೆ? ಅಂತ ಕೇಳ್ತಾನೇ ಇರ್ಬೇಕು.”

ಅಷ್ಟು ಸಾಕಾಯಿತು. ಏನೂ ಆಗಿಲ್ಲ ಎಂದವನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನು ಕೈಕಾಲು ಆಡಿಸಿ ಹೇಳಿದ. ಆರನೇ ಕ್ಲಾಸಿನ ಪ್ರಣತಿ ಮಾತ್ರ ಮೆಲ್ಲಗೆ, ನೆಲ ನೋಡುತ್ತ ಹೇಳಿದಳು. ಅವಳ ತಂದೆಯದು ನಮ್ಮ ಹತ್ತಿರದಲ್ಲೇ ವೆಜಿಟೇರಿಯನ್ ಹೋಟೆಲು. ಕುಂದಾಪುರದ ಕಡೆಯವರು.

ಹೇಳಿದ್ದನ್ನೇ ಬರಿ ಎಂದೆ. ಬರೆದಳು.

‘ಮಳೆಯಲ್ಲಿ ನಮ್ಮ ರೋಡಿಗೆ ನೀರು ಬಂತು. ಹೋಟೆಲಿಗೂ ಬಂತು. ಹೋಟೆಲು ಮುಚ್ಚಿದರು. ನಮ್ಮ ಮನೆಗೆ ದಿನವೂ ಊಟ ಹೋಟೆಲಿನಿಂದ ಬರುತ್ತದೆ. ಅವತ್ತು ಬರಲಿಲ್ಲ. ಅಮ್ಮ ಸಾರು ಮಾಡಿದಳು. ಉಪ್ಪು ತುಂಬಾ ಜಾಸ್ತಿ. ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಅಪ್ಪ ಅಡುಗೆ ಭಟ್ರಿಗೆ ಎಲ್ಲರ ಎದುರು ಬೈಯುತ್ತಾರೆ. ಅವತ್ತು ಬೈಯಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡು ತಿಂದರು. ಆಮೇಲೆ ಚೊಂಬಿನಲ್ಲಿ ನೀರು ಕುಡಿಯುತ್ತಲೇ ಇದ್ದರು.’

ನೋಡಿ, ಅಪ್ಪನಿಗೆ ಅಮ್ಮನ ಮೇಲೆ ಪ್ರೀತಿ ಎಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಇದೆಯೇ?

ನಾನು ಹಿಗ್ಗಿದೆ. ಪ್ರಣತಿಯ ಅಮ್ಮ ಹಿಗ್ಗಲಿಲ್ಲ. ಅವರೇ ಆ ಭಾನುವಾರ ಕ್ಲಾಸಿಗೆ ಮುಂಚೆ ನಮ್ಮ ಮನೆ ಬೆಲ್ ಮಾಡಿದ್ದು. ಹೆಸರು ಸುಜಾತಾ. ಹಿಂದೆ ಮುಖ ಊದಿಸಿಕೊಂಡ ಮಗಳು.

“ಎಂತ ಟೀಚರೇ ಇದು? ಮನೆ ಮಾತು ಮೈಕಿನಲ್ಲಿ ಹೇಳಿಸುದಾ? ಅಲ್ಲಿ ನಮ್ಮ ಹಾಗೆ ಹೋಟೆಲ್ ಇಟ್ಟವರೇ ಅರ್ಧ ಹಾಲ್ ತುಂಬಿರ್ತಾರೆ. ಹೋಟೆಲ್ ಯಜಮಾನರ ಹೆಂಡತಿಗೆ ಒಂದು ಸಾರು ಮಾಡ್ಲಿಕ್ಕೆ ಬರುದಿಲ್ಲ ಅಂತ ಆಗ್ತದಲ್ಲ. ನಾನು ಮತ್ತೆ ಯಾರ ಮುಖ ನೋಡುದು?”

“ಕೂತ್ಕೊಳಿ ಸುಜಾತಾ, ಕಾಫಿ...”

“ಕಾಫಿ ಬೇಡ. ನಾನೇ ಬೇರೆ ಬರ್ದು ತಂದಿದ್ದೇನೆ. ಇದನ್ನು ಓದ್ಲಿ.”

ಕಾಗದ ಬಿಡಿಸಿದೆ. ‘ಬೆಸೆಂಟ್ ನಗರದ ಬೀಚಿನಲ್ಲಿ ಒಂದು ಸಂಜೆ’. ಮುದ್ದಾದ ಅಕ್ಷರ, ಒಂದೂ ತಪ್ಪಿಲ್ಲ. ಜೋರಾಗಿ ಓದುತ್ತ ಹೋದೆ. ‘ನಾನೂ ಗೆಳತಿಯರೂ ಲಂಗದ ಮಡಿಲಿಗೆ ಚಿಪ್ಪು ಹೆಕ್ಕುತ್ತಿದ್ದೆವು. ಸೂರ್ಯ ಕೆಂಪಗೆ, ಮೆಲ್ಲಗೆ ಕಡಲಿನಲ್ಲಿ ಮುಳುಗಿದನು. ಪೂರ್ತಿ ಮುಳುಗುವವರೆಗೆ ಯಾರೂ ಮಾತಾಡಲಿಲ್ಲ.’

“ಅಮ್ಮಾ,” ಎಂದಳು ಪ್ರಣತಿ, “ಇಲ್ಲಿ ಸನ್‌ಸೆಟ್ ಸಮುದ್ರದಲ್ಲಿ ಆಗುದಿಲ್ಲ. ಬಿಲ್ಡಿಂಗ್ ಹಿಂದೆ ಆಗುದು. ನಂಗೆ ಲಂಗ ಕೂಡ ಇಲ್ಲ.”

ಸುಜಾತಾ ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ನಗು ಬಂದರೆ ಕೆಲಸ ಕೆಡುತ್ತದಲ್ಲ!

“ಹೌದಲ್ಲ,” ಎಂದರು ಆಕೆ. “ನಮ್ಮಲ್ಲಿ ಕಡಲಿಗೇ ಮುಳುಗುದು. ಶಾಲೆ ಬಿಟ್ಟ ಕೂಡ್ಲೆ ಓಡ್ತಿದ್ದೆವು ನಾವು, ಮರವಂತೆಯಲ್ಲಿ.”

“ಇದು ತುಂಬ ಚೆನ್ನಾಗಿದೆ ಸುಜಾತಾ, ನಿಜವಾಗ್ಲೂ. ಆದ್ರೆ ಇದು ನಿಮಗೆ ಆದದ್ದು. ಅವಳಿಗೆ ಆದದ್ದಲ್ಲ.”

“ನೀನು ಚಿಪ್ಪು ಹೆಕ್ತಿದ್ಯಾ?” ಮಗಳ ಮುಖದ ಊತ ಇಳಿದಿತ್ತು. “ನಂಗೆ ಹೇಳ್ಲೇ ಇಲ್ಲ!”

“ನೀನು ಯಾವಾಗ ಕೇಳಿದ್ದೆ?”

ಆಮೇಲೆ ಕಾಫಿ ಬೇಕಾಯಿತು. ಕುಡಿಯುತ್ತ, ನಾನು ಕೇಳದೆಯೇ ಸುಜಾತಾ ಹೇಳಿದರು. “ನಂಗೆ ಅಡುಗೆ ಬರುದಿಲ್ಲ ಅಂತ ಅಲ್ಲ ಟೀಚರೇ. ಮದುವೆಯಾಗಿ ಬಂದಾಗ ಅತ್ತೆ ಹೇಳಿದ್ರು, ಹೋಟೆಲ್ ಇಟ್ಕೊಂಡು ಮನೆಯಲ್ಲಿ ಬೇರೆ ಒಲೆ ಹಚ್ಬಾರ್ದು ಅಂತ. ನಾವೇ ತಿನ್ನದ್ದನ್ನು ಗಿರಾಕಿಗೆ ಹ್ಯಾಗೆ ಬಡಿಸುದು? ಎಲೆಗೆ ಬಿದ್ದದ್ದು ಮನೆಗೂ ಬರ್ಬೇಕು. ಅದು ನ್ಯಾಯವೇ. ಆದ್ರೆ ಕೈ ಮರ್ತು ಹೋಯ್ತು. ಮಳೆ ದಿನ ಎಷ್ಟು ಜನಕ್ಕೆ ಎಷ್ಟು ಉಪ್ಪು ಅಂತಲೇ ಅಂದಾಜು ಸಿಗ್ಲಿಲ್ಲ.”

ಹೋಟೆಲಿನ ಮನೆಗಳಲ್ಲಿ ಹೀಗೊಂದು ಕಟ್ಟಳೆ ಉಂಟೆಂದು ನನಗೂ ಗೊತ್ತಿರಲಿಲ್ಲ. ದಿನವೂ ರೆಡಿ ಊಟ, ಪುಣ್ಯವಂತೆ ಎಂದು ಹೊಟ್ಟೆ ಉರಿದುಕೊಂಡವಳು ನಾನು.

“ಇದನ್ನು ಸೇರಿಸ್ಲಾ ಅಮ್ಮ?”

“ಸೇರ್ಸು. ಉಪ್ಪು ತೆಗಿ.”

“ಉಪ್ಪು ತೆಗೆದ್ರೆ ಎಂತ ಉಳಿತದೆ?”

ತಾಯಿ ಲೋಟ ಕೆಳಗಿಟ್ಟರು. ಏಳುತ್ತ ಇಷ್ಟೇ ಹೇಳಿದರು, “ಅವತ್ತು ಅಪ್ಪನೂ ಬರ್ತಾರೆ. ಅವರ ಎದುರಿಗೇ ಓದ್ಬೇಕು, ನೆನಪಿರ್ಲಿ.” ಇದು ಒಪ್ಪಿಗೆಯೋ, ಬೆದರಿಕೆಯೋ?

ಮುಂದಿನ ಭಾನುವಾರ ಕೀಲ್ಪಾಕ್. ಲಿಫ್ಟಿನ ಹುಡುಗ ಚಪ್ಪಾಳೆ ಗಿಟ್ಟಿಸಿದ. ಪ್ರಣತಿ ಬಂದಳು. ಅಜ್ಜಿಯ ಕಟ್ಟಳೆ ಓದಿದಾಗ ಹೋಟೆಲಿನ ಮನೆಗಳ ಹೆಂಗಸರು ತಲೆಯಾಡಿಸಿದರು. ಉಪ್ಪಿನ ಸಾಲು ಬಂತು. ಮೈಕು ಕೊಯ್‌ ಎಂದಿತು. ಮತ್ತೊಮ್ಮೆ ಓದಿದಳು! ಹಾಲ್‌ಗೆ ಹಾಲೇ ನಕ್ಕಿತು. ನನ್ನ ಪಕ್ಕದಲ್ಲಿದ್ದ ಸುಜಾತಾ ಸೆರಗಿನ ಅಂಚನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದರು. ಮಕ್ಕಳಿಗೆ ನಿಜ ಬರೆಯಿರಿ ಎನ್ನುವುದು ಸುಲಭ. ಆ ನಿಜದೊಳಗೆ ಇರುವವರ ಪಕ್ಕ ಕೂರುವುದು ಕಷ್ಟ. ಉಪ್ಪು ತೆಗೆಸಬೇಕಿತ್ತೇನೋ ಎಂದು ನನಗೇ ಅನಿಸಿಬಿಟ್ಟಿತು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪ್ರಣತಿಯ ತಂದೆಯ ಕಡೆ ತಿರುಗಿ ಕೆಣಕಿದರು. “ಎಂತ ರಾಯ್ರೆ, ಆ ಸಾರು ನಾಳೆಯಿಂದ ಮೆನುವಿನಲ್ಲಿ ಉಂಟಾ?”

ರಾಯರದು ಮಾತು ಕಡಿಮೆ. ಎದ್ದು ನಿಂತರು. “ಇಲ್ಲ. ಅದು ಮಾರ್ಲಿಕ್ಕೆ ಇಲ್ಲ,” ಎಂದು ಕೂತರು.

ಸುಜಾತಾ ಸೆರಗನ್ನು ಬಿಟ್ಟರು.

ಅದರ ಮುಂದಿನ ಕ್ಲಾಸಿನಲ್ಲಿ ‘ನಿನ್ನೆ ರಾತ್ರಿ’ ಎಂದು ಬರೆಯಲು ಕೊಟ್ಟೆ. ಪ್ರಣತಿ ಬರೆದದ್ದು ಇಷ್ಟು:

‘ಹೋಟೆಲು ಮುಚ್ಚಿ ಅಪ್ಪ ಊಟದ ಕ್ಯಾರಿಯರ್ ತರುವವರೆಗೆ ಅಮ್ಮ ದಿನವೂ ಕಾಯುತ್ತಾಳೆ. ನಿನ್ನೆ ಕಾಯಲಿಲ್ಲ. ರಾತ್ರಿಗೆ ಮಾತ್ರ ಮನೆಯಲ್ಲೇ ಒಲೆ ಹಚ್ಚುವುದು ಎಂದು ಅಪ್ಪನೇ ಹೇಳಿದ್ದಾರೆ. ಗಂಜಿ, ತೆಂಗಿನಕಾಯಿ ಚಟ್ನಿ, ಸುಟ್ಟ ಹಪ್ಪಳ. ನಾವು ತಿಂದೆವು, ಅಪ್ಪನಿಗೆ ಮುಚ್ಚಿಟ್ಟೆವು. ಎಲ್ಲರಿಗಿಂತ ಮೊದಲು ಮಲಗಿದ್ದು ಅಮ್ಮ.’