ಪರ್ವಾಗಿಲ್ಲ ಬುಡಿ

ಮರಳೂರಿನ ನಮ್ಮ ಆಫೀಸಿನಲ್ಲಿ ಪ್ರತಿ ಬುಧವಾರ ಬ್ಯಾಕ್‌ಲಾಗ್ ಹಿಡಿದು ಕೂರುತ್ತಿದ್ದೆವು. ಗುಬ್ಬಿಯಲ್ಲಿರುವ ನಮ್ಮಮ್ಮನಿಗೆ ಬ್ಯಾಕ್‌ಲಾಗ್ ಎಂದರೆ ಕಾಲೇಜಿನಲ್ಲಿ ಫೇಲಾದ ಸಬ್ಜೆಕ್ಟು. ಕೆಲಸಕ್ಕೆ ಸೇರಿದ ಮೇಲೂ ಮುಗಿದಿಲ್ಲವಲ್ಲ ಎಂದು ಕೊರಗುತ್ತಿದ್ದಳು. ನಮಗೆ ಅದು ಸಾಫ್ಟ್‌ವೇರಿನಲ್ಲಿ ಇನ್ನೂ ಮಾಡಬೇಕಾದ ಕೆಲಸಗಳ ಸಾಲು. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ಬೈಸಿಕೊಳ್ಳುವುದೂ ನನ್ನದೇ.

ಆಗ ತುಮಕೂರಿನ ಡಯಾಲಿಸಿಸ್ ಕೇಂದ್ರವೊಂದಕ್ಕೆ ಆ್ಯಪ್ ಮಾಡುತ್ತಿದ್ದೆವು. ರೋಗಿಗಳ ಮನೆಯವರಿಗೆ ಏನು ಬೇಕೆಂದು ಕೇಳಲು ಕುಣಿಗಲ್‌ಗೆ ಹೋದೆವು. ಅಲ್ಲಿ ಕೆರೆ ಏರಿಯ ಹತ್ತಿರ ಒಬ್ಬ ಹೆಂಗಸು ಸಿಕ್ಕರು. ಗಂಡನನ್ನು ಬೆಳಗಿನ ಮೊದಲ ಬಸ್ಸಿಗೆ ತುಮಕೂರಿಗೆ ಕರೆತರುವವರು. ಮೆಸೇಜು ಬರುತ್ತದೆ, ನನಗೆ ಓದಲು ಬರುವುದಿಲ್ಲ ಎಂದರು. ಮಿಷನ್ ಕೆಟ್ಟಿದೆಯೆಂದು ಗೊತ್ತಾಗುವುದು ತುಮಕೂರು ಮುಟ್ಟಿದ ಮೇಲೆ; ಕಾಲು ಊದಿದ ಮನುಷ್ಯನನ್ನು ಹಾಗೇ ವಾಪಸು ಕರೆದೊಯ್ಯಬೇಕು. ಹೊರಡುವ ಮುಂಚೆ ಫೋನಿನಲ್ಲಿ ಬಾಯಿಬಿಟ್ಟು ಹೇಳಿದರೆ ಪುಣ್ಯ ಬರುತ್ತದೆ. ಇಷ್ಟು ಹೇಳಿ ಕೊನೆಗೆ, "ಆಗ್ದಿದ್ರೂ ಪರ್ವಾಗಿಲ್ಲ ಬುಡಿ," ಎಂದರು.

ಜೊತೆಗೆ ಬಂದಿದ್ದ ನಮ್ಮ ಡೆವಲಪರ್ ಹುಡುಗಿ ಹೊರ ರಾಜ್ಯದಲ್ಲಿ ಬೆಳೆದವಳು, ಕನ್ನಡ ಈಚೆಗೆ ಕಲಿತವಳು. ಇಲ್ಲದಿದ್ದರೂ ನಡೆಯುತ್ತದೆ ಎಂದು ಬರೆದುಕೊಂಡಳು. ಬುಧವಾರ ನೋಡುತ್ತೇನೆ, ಆ ಕೆಲಸ ಸಾಲಿನ ಕಟ್ಟಕಡೆಯಲ್ಲಿ ಕೂತಿದೆ. ಎಲ್ಲಕ್ಕಿಂತ ಮೇಲೆ ಕೇಂದ್ರದವರು ಕೇಳಿದ್ದ ಬಣ್ಣಬಣ್ಣದ ಗ್ರಾಫು. ಪಿತ್ತ ನೆತ್ತಿಗೇರಿತು. ನಮ್ಮ ಕಡೆ ಪರವಾಗಿಲ್ಲ ಎಂದರೆ ಬೇಡ ಅಂತಲ್ಲ ಕಣಮ್ಮ, ಬೇಕೇ ಬೇಕು, ಆದರೆ ನೀವು ಮಾಡುತ್ತೀರೆಂಬ ನಂಬಿಕೆ ಇಲ್ಲ ಅಂತ, ಎಂದು ರೇಗಿದೆ. ಗ್ರಾಫು ಕೆಳಗಿಳಿಯಿತು, ಫೋನು ಮೇಲೆ ಬಂತು. ಅವಳೇ ಕೂತು ಮಾಡಿದಳು. ಡಯಾಲಿಸಿಸ್ ಇದ್ದ ದಿನ ಬೆಳಗಿನ ಜಾವವೇ ಫೋನು ಹೋಗುತ್ತಿತ್ತು: ಇವತ್ತು ಮಿಷನ್ ಸರಿಯಿದೆ, ಹೊರಟು ಬನ್ನಿ. ಕೇಳಿಸುತ್ತಿದ್ದದ್ದು ರೆಕಾರ್ಡ್ ಮಾಡಿಟ್ಟ ನನ್ನ ದನಿ.

ಮಳೆಗಾಲ ಕಳೆದ ಮೇಲೆ ಆ ಹೆಂಗಸು ಆಫೀಸಿಗೆ ಫೋನ್ ಮಾಡಿದರು. ಯಜಮಾನರು ತೀರಿಕೊಂಡು ತಿಂಗಳಾಯಿತಂತೆ. ಇಂಥ ದಿನವೂ ಬರುತ್ತದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ದನಿ ಆ ಮನೆಗೆ ಹೋಗುತ್ತಲೇ ಇತ್ತು, ಹೊರಟು ಬನ್ನಿ ಎಂದು ಕರೆಯುತ್ತಲೇ ಇತ್ತು. ಅಷ್ಟನ್ನು ಹೇಳಿ, ನಿಮಗೆ ತೊಂದರೆಯಾಗುವುದಾದರೆ ಪರವಾಗಿಲ್ಲ ಬಿಡಿ ಎಂದರು. ನಿಲ್ಲಿಸಿಬಿಡಲಾ ಅಮ್ಮ ಎಂದು ಕೇಳಿದೆ.



"ನಿಲ್ಸಿ ಸಾರ್. ಫೋನ್ ಬಂದೇಟ್ಗೆ ಎದ್ದೋಗಿ ಅವ್ರ ಸ್ನಾನಕ್ಕೆ ನೀರ್ ಕಾಯಕ್ಕಿಟ್ಬುಡ್ತೀನಿ."

ಫೋನಿಟ್ಟೆ. ಎದುರಿಗೆ ಕೂತಿದ್ದ ಆ ಹುಡುಗಿ, ಕುಣಿಗಲ್ ಅಮ್ಮ ಏನಂದರು ಎಂದು ಕೇಳಿದಳು. ಫೋನು ಬರುವುದು ನಿಲ್ಲಬೇಕಂತೆ, ಆಗದಿದ್ದರೂ ಪರವಾಗಿಲ್ಲವಂತೆ ಎಂದೆ.

ಅವಳು ಬುಧವಾರಕ್ಕೆ ಕಾಯಲಿಲ್ಲ. ಕೈಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಇದನ್ನು ಎತ್ತಿಕೊಂಡಳು.