ಬೀಗ ಹಾಕಿದ ಓಣಿಯಲ್ಲಿ ಬಿಸಿನೀರು

ಪೌಷ ಬಹುಳ ಪಂಚಮಿ, ಬುಧವಾರ, ಬೆಳಿಗ್ಗೆ ಎಂಟೂವರೆಗೆ ನಾನೂ ನನ್ನ ಹೆಂಡತಿ ರಮೆಯೂ ಪುಣೆಯಲ್ಲಿ ಇಳಿದೆವು. ಧಾರವಾಡದಿಂದ ಇಡೀ ರಾತ್ರಿ ಮೂರನೆಯ ದರ್ಜೆಯ ಪ್ರಯಾಣ. ಮಡಿಯವನಾದ ನಾನು ರೈಲಿನಲ್ಲಿ ನೀರು ಮುಟ್ಟುವುದಿಲ್ಲ. ನಸುಕಿನಲ್ಲಿ ಹಚ್ಚಿದ ಅವಲಕ್ಕಿಯನ್ನಷ್ಟೇ ತಿಂದಿದ್ದೆ.

ಟಾಂಗಾದವನು ಅಲ್ಲೇ ನೆಲೆಸಿದ್ದ ನನ್ನ ತಮ್ಮನ ಓಣಿಯ ಬಾಯಲ್ಲೇ ನಮ್ಮನ್ನು ಇಳಿಸಿ ಹೊರಟುಬಿಟ್ಟ. ಎರಡೂ ಸಾಲಿನ ಮನೆಗಳಿಗೆ ಬೀಗ. ತಮ್ಮನ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿತ್ತು: ಪ್ಲೇಗು ಬಂದಿದೆ, ಹೊಳೆಯಾಚೆ ಗುಡಿಸಲಿನಲ್ಲಿದ್ದೇವೆ. ಕಾಗೆಯ ದನಿಯೂ ಇರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತಾಗ ಹೊಟ್ಟೆ ಹಿಂಡತೊಡಗಿತು.

"ಹೊಟ್ಟಿ ಹಿಡಕೋಬ್ಯಾಡ್ರಿ," ಎಂದು ರಮೆ ಪಿಸುಗುಟ್ಟಿದಳು. ಓಣಿಯ ತುದಿಯಲ್ಲಿ ತಪಾಸಣೆಯ ಡಾಕ್ಟರು ಇಬ್ಬರು ಸಿಪಾಯಿಗಳೊಡನೆ ಬರುತ್ತಿದ್ದರು. "ಪ್ಲೇಗು ಅಂತ ಕ್ಯಾಂಪಿಗೆ ಒಯ್ದರ ನಿಮ್ಮನ್ನೊಂದ ಕಡೆ, ನನ್ನನ್ನೊಂದ ಕಡೆ ಹಾಕ್ತಾರ."

ಆಗ ಎದುರು ಮನೆಯೊಳಗಿನಿಂದ ನಮ್ಮ ಕಡೆಯ ಕನ್ನಡದಲ್ಲೇ ಒಬ್ಬ ಹೆಂಗಸಿನ ದನಿ ಬಂತು. ಆ ಬಾಗಿಲ ಬೀಗಕ್ಕೆ ಜೇಡ ಬಲೆ ಕಟ್ಟಿತ್ತು.

"ಜ್ವರ ಅದ ಏನ್ರಿ, ಯಜಮಾನ್ರ?"

"ಇಲ್ಲ."

"ಬಗಲಾಗ ಗಂಟು?"

"ಇಲ್ಲ."

"ನೀರು ಯಾವಾಗ ಕುಡದೀರಿ?"

"ನಿನ್ನೆ ಮಧ್ಯಾಹ್ನ."

ಒಳಗೆ ಮೆಲ್ಲಗೆ ನಗು. "ಅಯ್ಯ, ನಿಮ್ಮ ಮಡೀನೇ ಹೊಟ್ಟ್ಯಾಗ ಗಟ್ಟಿಯಾಗಿ ಕೂತದ! ತಗೋರಿ."

ಕಿಟಕಿಯ ಸರಳುಗಳ ನಡುವಿನಿಂದ ಬಳೆಯಿಲ್ಲದ ಒಂದು ಕೈ ಹಿತ್ತಾಳೆಯ ಲೋಟವನ್ನು ಚಾಚಿತು. ಅಜವಾನ ಹಾಕಿ ಕುದಿಸಿದ ನೀರು. "ಗುಟುಕು ಗುಟುಕಾಗಿ ಕುಡೀರಿ, ಆಮ್ಯಾಲೆ ಅಡ್ಡಾಡ್ರಿ. ಈ ಮನ್ಯಾಗ ಯಾರೂ ಇಲ್ಲ, ತಿಳೀತಿಲ್ಲೋ?"

ಯಾರ ಮನೆಯ ನೀರೆಂದು ಕೇಳದೆ ಕುಡಿದದ್ದು ಜನ್ಮದಲ್ಲಿ ಅದೇ ಮೊದಲು. ತಮ್ಮನ ಮನೆಯ ಮುಂದೆ ಅತ್ತಿತ್ತ ನಡೆದೆ. ಬೀಗ ಹಾಕಿದ ಬಾಗಿಲುಗಳಿಂದ ನನ್ನ ಹೆಜ್ಜೆಯ ಸದ್ದು ಮರಳಿ ಬರುತ್ತಿತ್ತು. ಡಾಕ್ಟರು ಒಂದೊಂದೇ ಬೀಗವನ್ನು ಜಗ್ಗಿ ನೋಡುತ್ತ ಹತ್ತಿರ ಬರುವಷ್ಟರಲ್ಲಿ ಎರಡು ತೇಗು ಬಂದು ಹೊಟ್ಟೆ ಸಡಿಲಾಯಿತು.

ಅವರು ನಾಲಗೆ ನೋಡಿದರು, ಕಂಕುಳು ಮುಟ್ಟಿದರು, ಹೊಟ್ಟೆ ಒತ್ತಿದರು. "ದುಖತೇ ಕಾ?" ನೋಯುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು.

"ನಾಹೀ," ಎಂದೆ. ಅದು ನಿಜವಾಗಿತ್ತು.

ಈ ಓಣಿಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಯಾರೂ ಇಲ್ಲವೆಂದೆ. ರಮೆ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಅವರು ಹೋದ ಮೇಲೆ ಕಿಟಕಿಯ ಬಳಿ ನಿಂತು, "ತಾಯೀ, ಹೋದ್ರು," ಎಂದೆ. ಲೋಟವನ್ನು ಸರಳಿನ ಬುಡದಲ್ಲಿಡುವಾಗ ಒಳಗೆ ಯಾರೋ ನರಳಿದರು. ಅದು ಗಂಡಸಿನ ದನಿ.

ದಾರಿ ಕೇಳುತ್ತ ನಡೆದು ಸಂಜೆ ಐದಕ್ಕೆ ಹೊಳೆಯಾಚೆಯ ಗುಡಿಸಲುಗಳನ್ನು ತಲುಪಿದೆವು. ತಮ್ಮ ಓಡಿಬಂದ. "ಅಲ್ಲೇ ನಿಲ್ಲೋ," ಎಂದು ಕೂಗಿದೆ. ರೋಗಿಯಿದ್ದ ಮನೆಯ ನೀರು ಕುಡಿದಿದ್ದೇನೆ, ಹತ್ತು ದಿನ ಯಾರೂ ನಮ್ಮ ಹತ್ತಿರ ಬರಕೂಡದೆಂದು ಹೇಳಿ, ಅವನ ಗುಡಿಸಲಿನಿಂದ ನೂರು ಹೆಜ್ಜೆ ಎಣಿಸಿ, ಬೇವಿನ ಮರದ ಕೆಳಗೆ ನಮ್ಮಿಬ್ಬರ ಹಾಸಿಗೆ ಬಿಚ್ಚಿದೆ.