ಅಟ್ಟದ ಕಾಯಿ, ಷೆಡ್ಡಿನ ಕಾರು

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷ ದುಡಿದ ಶಂಭುಲಿಂಗಯ್ಯನಿಗೆ ಕಿವಿಯೇ ಬಂಡವಾಳ. ಮಂಡಿಯವರ ಪರವಾಗಿ ಹಳ್ಳಿ ಹಳ್ಳಿ ತಿರುಗಿ, ರೈತರ ಅಟ್ಟ ಹತ್ತಿ, ವರ್ಷದಿಂದ ಬಿದ್ದಿರುವ ತೆಂಗಿನಕಾಯೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ. ಅವನು ಇಳಿಸಿ ಅಂದರೆ ಇಳಿಸಬೇಕು, ಇನ್ನೊಂದು ತಿಂಗಳು ಮುಟ್ಟಬೇಡಿ ಅಂದರೆ ಮುಟ್ಟಬಾರದು. ಕೊಬ್ಬರಿಯ ವಿಷಯದಲ್ಲಿ ಅವನ ಮಾತು ತಪ್ಪಿದ್ದಿಲ್ಲ. ಮಿಕ್ಕ ವಿಷಯಗಳಲ್ಲಿ ಧಾರಾಳವಾಗಿ ತಪ್ಪುತ್ತಿತ್ತು; ಅದನ್ನು ಹೇಳುವ ಧೈರ್ಯ ಹೆಂಡತಿ ಗಿರಿಜಾಂಬಿಕಾಗೆ ಮಾತ್ರ ಇತ್ತು.

ಒಬ್ಬಳೇ ಮಗಳು ಶಿವಗಂಗಾಳನ್ನು ತೊಂಬತ್ತೆರಡರಲ್ಲಿ ಅಮ್ಮಸಂದ್ರಕ್ಕೆ ಕೊಟ್ಟ. ಅಳಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮದುವೆ ಅಲ್ಲಿಯ ದೇವಸ್ಥಾನದಲ್ಲಿ. ಹೆಣ್ಣಿನ ಕಡೆಯವರು ಮಂಡಿಯ ಲಾರಿಯಲ್ಲಿ ಹೋಗಿ ಇಳಿದರು. ಬೀಗರಾದ ತೋಂಟದಾರ್ಯ ಚಪ್ಪರದಡಿ ನಿಂತು, “ಬೀಗ್ರು ಕೊಬ್ಬರಿ ಲೋಡಲ್ಲೇ ಬಂದವ್ರೆ, ಜೋಪಾನವಾಗಿ ಇಳಿಸ್ಕೊಳ್ರಪ್ಪ” ಅಂದರು. ಚಪ್ಪರವೆಲ್ಲ ನಕ್ಕಿತು. ಶಂಭುಲಿಂಗಯ್ಯನೂ ನಕ್ಕ, ಒಳಗೆ ಮಾತ್ರ ಕುದಿದುಹೋದ. ಮಗಳನ್ನು ಒಪ್ಪಿಸಿ ಹೊರಡುವಾಗ ಹೆಂಡತಿಯ ಕಿವಿಯಲ್ಲಿ, “ಇನ್ನು ಈ ಊರಿಗೆ ಕಾಲಿಟ್ರೆ ಸ್ವಂತ ಕಾರಲ್ಲೇ ಕಣೇ. ಅಲ್ಲೀಗಂಟ ಬರಾಕಿಲ್ಲ” ಅಂದುಬಿಟ್ಟ.

ರೈಲು ಹತ್ತಿದರೆ ಗಂಟೆಯೊಳಗೆ ಸೇರುವ ಊರದು. ಮಾರನೆಯ ವರ್ಷ ಮಗಳು ಹೊಸ ಮನೆ ಕಟ್ಟಿಸಿಕೊಂಡಾಗಲೂ ಹೋಗಲಿಲ್ಲ. ಹೆಂಡತಿಯ ಕೈಲಿ ಒಂದು ತೆಂಗಿನ ಸಸಿ ಕಳಿಸಿದ. ಹಬ್ಬಕ್ಕೆ ಮಗಳೇ ಬರುತ್ತಿದ್ದಳು, ಮೊಮ್ಮಗಳು ನಿಸರ್ಗ ಹುಟ್ಟಿದ್ದೂ ಇಲ್ಲಿಯೇ. ಆದರೆ ಮಗಳು ಬಾಳುವ ಮನೆ ಅಪ್ಪ ಕಂಡಿರಲಿಲ್ಲ. ಗಿರಿಜಾಂಬಿಕಾ ಹೋಗಿಬಂದರೆ ರೈಲಿನಿಂದ ಇಳಿಯುವಷ್ಟರಲ್ಲೇ ಅವನ ಪ್ರಶ್ನೆಗಳು ಶುರು. ಒಲೆ ಯಾವ ದಿಕ್ಕಿಗಿದೆ? ನೀರು ಎಲ್ಲಿಂದ ಹೊರುತ್ತಾಳೆ? ಸಸಿ ಎಷ್ಟು ಗರಿ ಬಿಟ್ಟಿದೆ?

“ನೀವೇ ಬಂದು ನೋಡ್ರೀ, ಟಿಕೆಟ್ಟೇನು ಚಿನ್ನದ್ದಾ?” ಎಂದು ಅವಳು ರೇಗಿದರೆ ಮಾತು ಹಾರಿಸಿಬಿಡುತ್ತಿದ್ದ. ಎಷ್ಟೋ ಸಂಜೆ ಸುಮ್ಮನೆ ಸ್ಟೇಷನ್ನಿಗೆ ಹೋಗಿ, ಆ ಕಡೆ ಹೊರಡುವ ರೈಲು ಕಣ್ಮರೆಯಾಗುವವರೆಗೆ ಕಲ್ಲುಬೆಂಚಿನ ಮೇಲೆ ಕೂತಿದ್ದು ಬರುತ್ತಿದ್ದ. ಮಗಳ ಮೇಲೆ ಅಷ್ಟು ಜೀವ, ಹಟದ ಮೇಲೂ ಅಷ್ಟೇ ಜೀವ. ಅಂಥ ಮನುಷ್ಯನಿಗೆ ಏನು ಹೇಳುವುದು?

ಎರಡು ಸಾವಿರದ ಒಂದರ ದೀಪಾವಳಿಗೆ ಬಂದ ಮಗಳು ಹೇಳಿದಳು: “ಅಪ್ಪಾ, ನೀನು ಕೊಟ್ಟ ಸಸಿ ಫಲ ಬಿಡ್ತು. ಮೊದಲ ಕಾಯಿ ಅಟ್ಟಕ್ಕಾಕಿ ಶಿವರಾತ್ರಿಗೆ ವರ್ಷ ಆಯ್ತದೆ. ನೀನು ಬಂದು ಅಲ್ಲಾಡಿಸಿ ನೋಡೋಗಂಟ ಯಾರೂ ಮುಟ್ಟಬಾರ್ದು ಅಂದಿವ್ನಿ.”

ಅಂದಿನಿಂದ ಅವನಿಗೆ ಕಾರಿನದೇ ಧ್ಯಾನ. ಕೈಲಿದ್ದದ್ದು ಮೂವತ್ತು ಸಾವಿರ. ಅಷ್ಟಕ್ಕೆ ಎರಡು ಗಾಡಿ ಸಿಕ್ಕವು. ಒಂದು, ಹುಳಿಯಾರಿಗೆ ದಿನಾ ಎರಡು ಟ್ರಿಪ್ ಹೊಡೆಯುವ ಆಂಜನಪ್ಪನ ಅಂಬಾಸಿಡರ್. ಹಿಂದಿನ ಬಾಗಿಲಿಗೆ ಹಗ್ಗ, ಸೀಟಿನಲ್ಲಿ ಕುರಿಯ ವಾಸನೆ, ಎಷ್ಟು ಮೈಲಿ ಓಡಿದೆ ಎಂದು ತೋರಿಸುವ ಮೀಟರು ಸತ್ತು ಎಷ್ಟೋ ಕಾಲವಾಗಿತ್ತು. ಇನ್ನೊಂದು, ಚಿಕ್ಕನಾಯಕನಹಳ್ಳಿಯ ನಿವೃತ್ತ ಮೇಷ್ಟರ ಕೆನೆಬಣ್ಣದ ಕಾರು. ಎರಡು ವರ್ಷದಿಂದ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು.

ಮೇಷ್ಟರು ಬೇರೆ ಬ್ಯಾಟರಿ ತರಿಸಿ ಗಾಡಿ ಶುರು ಮಾಡಿಸಿದರು. ಶಂಭುಲಿಂಗಯ್ಯ ಬಾನೆಟ್ಟಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ. ಒಂದೇ ಸಮ, ಹಿತವಾದ ಸದ್ದು.

“ಅಣ್ಣಾ, ದಿನಾ ಓಡೋ ಗಾಡಿ ತಗೋ,” ಅಂದ ಗಾಡಿ ನೋಡಲು ಜೊತೆಗೆ ಬಂದಿದ್ದ ಆಂಜನಪ್ಪ. “ನಂದು ಅಂತ ಹೇಳ್ತಿಲ್ಲ. ನನ್ ಗಾಡಿ ರೋಗ ಎಲ್ಲಾ ನಂಗೊತ್ತು, ಎಲ್ಲಿ ಕೈ ಕೊಡ್ತದೆ ಅಂತಾನೂ ಗೊತ್ತು. ನಿಂತ ಗಾಡಿ ಏನಾಗೈತೋ ಯಾರಿಗ್ ಗೊತ್ತು?”

“ಬುಡು, ನಂಗೇ ಹೇಳ್ಕೊಡ್ತೀಯಾ? ವರ್ಷಗಟ್ಲೆ ಮುಟ್ಟದೆ ಇಟ್ಟ ಕಾಯೇ ಒಳ್ಳೇ ಕೊಬ್ಬರಿ ಆಗೋದು. ದಿನಾ ಎತ್ತಿ ಕುಕ್ಕಿದ್ರೆ ಕೆಡ್ತದೆ.”

“ಅದು ಕಾಯಿ ಕಣಣ್ಣ. ಇದು ಕಬ್ಬಿಣ, ರಬ್ಬರು.”

ಯಾರು ಕೇಳಬೇಕು? ಕೆನೆಬಣ್ಣದ ಕಾರು ಮನೆಗೆ ಬಂತು. ಕಾರು ಕೊಂಡವನಿಗೆ ಓಡಿಸಲು ಬರುತ್ತಿರಲಿಲ್ಲ. ಶಿವರಾತ್ರಿಯ ಮಾರನೆ ದಿನ ಅಮ್ಮಸಂದ್ರಕ್ಕೆ ಓಡಿಸಲು ಆಂಜನಪ್ಪನನ್ನೇ ಕಾಡಿ ಬೇಡಿ ಕರೆತಂದ. ಹೆಂಡತಿಯನ್ನು ಹಿಂದೆ ಕೂರಿಸಿ, ಮುಂದಿನ ಸೀಟಿನಲ್ಲಿ ತಾನು ಇಸ್ತ್ರಿ ಪಂಚೆ ಉಟ್ಟು ಕೂತ. ಊರು ದಾಟುವಾಗ ಕಂಡವರಿಗೆಲ್ಲ ಕೈಯೆತ್ತಿದ. ಆವತ್ತಿನ ಆ ಅರ್ಧ ಗಂಟೆ ಅವನಷ್ಟು ಸುಖಿ ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ.

ಕಿಬ್ಬನಹಳ್ಳಿ ಕ್ರಾಸ್ ಹತ್ತಿರ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಬುಸುಗುಟ್ಟಿತು. ಆಂಜನಪ್ಪ ಇಳಿದು ತೆರೆದು ನೋಡಿದ. ನಿಂತಲ್ಲೇ ಒಣಗಿದ ರಬ್ಬರ್ ಪೈಪು ಸೀಳಿಹೋಗಿತ್ತು. ಅವನು ಮುಟ್ಟಿದ ಇನ್ನೊಂದು ಪೈಪೂ ಕೈಯಲ್ಲೇ ಪುಡಿಯಾಯಿತು. ಪಾಪ, ಹಂಗಿಸಲಿಲ್ಲ. “ನಾನು ಗಾಡಿ ಹತ್ರ ಇರ್ತೀನಿ. ನೀವು ಬಸ್ಸಿಗೆ ಹೋಗ್ರಣ್ಣ,” ಅಂದ.

ಶಂಭುಲಿಂಗಯ್ಯ ಅಲುಗಲಿಲ್ಲ. ಒಂದು ಬಸ್ಸು ಹೋಯಿತು. ಇನ್ನೊಂದು ಬಂದು ನಿಂತಾಗ ಗಿರಿಜಾಂಬಿಕಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. “ಮಗಳು ಬಾಗಿಲಲ್ಲಿ ನಿಂತಿರ್ತಾಳೆ. ನಾನ್ ಹೊಂಟೆ. ಬರೋದಾದ್ರೆ ಬನ್ರೀ.”

ಕಂಡಕ್ಟರು ಶಿಳ್ಳೆ ಹಾಕಿದ. ಶಂಭುಲಿಂಗಯ್ಯ ಓಡಿಹೋಗಿ ಹತ್ತಿದ.

ಮಗಳ ಮನೆ ಜಗಲಿಯಲ್ಲಿ ತೋಂಟದಾರ್ಯ ಇದ್ದರು, ಮೊದಲಿಗಿಂತ ಬಹಳ ಇಳಿದುಹೋಗಿದ್ದರು. ಕಂಡವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಶಂಭುಲಿಂಗಯ್ಯ ನಾಚಿಕೆಯಿಂದ ತಾನಾಗಿಯೇ ಶುರು ಮಾಡಿದ: “ಕಾರು ದಾರೀಲಿ ಕೆಟ್ಟೋಯ್ತು ಬೀಗ್ರೆ. ಅವತ್ತು ಲಾರೀಲಿ ಬಂದಿದ್ವಿ, ಇವತ್ತು ಬಸ್ಸು...”

“ಲಾರೀನಾ? ಯಾವಾಗ?” ಅಂದರು ತೋಂಟದಾರ್ಯ. ನಿಜವಾಗಿಯೂ ನೆನಪಿರಲಿಲ್ಲ. “ಅದೆಲ್ಲ ಇರ್ಲಿ ಬೀಗ್ರೆ, ಹತ್ತು ವರ್ಷದಿಂದ ಒಂದು ಮಾತು ಕೇಳ್ಬೇಕು ಅಂತಿದ್ದೆ. ಈ ಕಡೆ ನೀವು ತಲೇನೇ ಹಾಕ್ಲಿಲ್ಲ. ನಮ್ಮಿಂದ ಏನಾದ್ರೂ ತಪ್ಪಾಗಿತ್ತಾ?”

ಶಂಭುಲಿಂಗಯ್ಯ ಮೆಲ್ಲಗೆ ಕೈ ಬಿಡಿಸಿಕೊಂಡ. ನಡುಮನೆ ದಾಟಿ ಒಳಗೆ ಹೋದ. ಒಲೆ ಹೆಂಡತಿ ಹೇಳಿದ್ದ ದಿಕ್ಕಿಗೇ ಇತ್ತು. ಹಿತ್ತಲ ಬಾಗಿಲಾಚೆ ಅವನ ಸಸಿ ಸೂರಿಗಿಂತ ಎತ್ತರ ಬೆಳೆದು ನಿಂತಿತ್ತು. ಇದೆಲ್ಲ ಆಗುವಾಗ ತಾನೆಲ್ಲಿದ್ದೆ ಎಂದು ತನ್ನನ್ನೇ ಕೇಳಿಕೊಂಡ.

ಶಿವಗಂಗಾ ಏಣಿ ಹತ್ತಿ ಅಟ್ಟದಿಂದ ಒಂದು ಕಾಯಿ ತಂದು ಅವನ ಕೈಗಿಟ್ಟಳು. ಅವನು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಒಂದು ಸಲ ಸಾಕಾಗುತ್ತಿತ್ತು. ಮತ್ತೆ ಮತ್ತೆ ಅಲ್ಲಾಡಿಸಿದ.

“ಹೆಂಗೈತಪ್ಪಾ?”

“ಬಾಳಾ ತಡ ಆಗೋಯ್ತು ಕಣವ್ವ.”

“ಅಯ್ಯೋ, ಕಾಯಿ ಕೆಟ್ಟೋಯ್ತಾ?”

“ಇಲ್ಲ ಕಣವ್ವ,” ಅಂದ ಶಂಭುಲಿಂಗಯ್ಯ, ಕಾಯನ್ನು ಕಿವಿಯಿಂದ ತೆಗೆಯದೆ. “ಕಾಯಿ ಚೆನ್ನಾಗೈತೆ.”